ಹೊಸ ಗುರಿಗಳನ್ನು ಜನವರಿ ಬದಲು ಯುಗಾದಿಗೆ ಶುರು ಮಾಡಿದರೆ ಲಾಭ ಇದೆಯೇ?

ಖಂಡಿತ ಇದೆ. ನಾನು ಹಾಗೇ ಮಾಡುತ್ತೇನೆ.

ಮೊದಲು ಬೆಳಕಿನ ವಿಷಯ. ಜನವರಿ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ. ಮಾರ್ಚ್ ಕೊನೆಗೆ 6:20ರ ಹೊತ್ತಿಗೇ ಹುಟ್ಟಿರುತ್ತಾನೆ. ಚಳಿಯೂ ಇರುವುದಿಲ್ಲ. ಬೇಗ ಎದ್ದು ಬರೆಯಬೇಕು, ನಡೆಯಬೇಕು ಅಂದುಕೊಂಡವರಿಗೆ ಇದು ಸಣ್ಣ ಸಹಾಯವಲ್ಲ.

ಜನವರಿಯಿಂದ ಮಾರ್ಚ್‌ವರೆಗೆ ಮನೆಯಲ್ಲಿ ಮಕ್ಕಳ ಪರೀಕ್ಷೆ, ಆಫೀಸಿನಲ್ಲಿ ಹಣಕಾಸು ವರ್ಷದ ಕೊನೆಯ ಒತ್ತಡ. ಹೊಸ ಅಭ್ಯಾಸಕ್ಕೆ ಜಾಗವೇ ಸಿಗುವುದಿಲ್ಲ, ಅಲ್ವಾ?

ಹಳೆಯ ರೋಮನ್ನರಿಗೂ ವರ್ಷ ಮಾರ್ಚ್‌ಗೇ ಶುರುವಾಗುತ್ತಿತ್ತು. ಮಾರ್ಚ್‌ನಿಂದ ಎಣಿಸಿದರೆ ಸೆಪ್ಟೆಂಬರ್ ಏಳನೇ ತಿಂಗಳು; ಆ ಹೆಸರಿನಲ್ಲಿ ಲ್ಯಾಟಿನ್‌ನ ‘ಸೆಪ್ಟೆಮ್’, ಅಂದರೆ ‘ಏಳು’, ಉಳಿದಿರುವುದು ಅದಕ್ಕೇ. ಇಂಗ್ಲೆಂಡಿನಲ್ಲಿ 1751ರವರೆಗೂ ಕಾನೂನಿನ ಪ್ರಕಾರ ಹೊಸ ವರ್ಷ ಮಾರ್ಚ್ 25ಕ್ಕೆ.

ನನ್ನ ಕ್ರಮ ಹೀಗಿದೆ. ಜನವರಿಯಲ್ಲಿ ಸುಮ್ನೆ ಆಸೆಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಯುಗಾದಿ ಬರುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಆಸೆಗಳು ತಾವೇ ಆರಿಹೋಗಿರುತ್ತವೆ. ಉಳಿದವುಗಳಲ್ಲಿ ಒಂದನ್ನು ಆರಿಸಿ, ದಿನವೂ ಮಾಡುವಷ್ಟು ಚಿಕ್ಕದು ಮಾಡುತ್ತೇನೆ. ಬರೀ ‘ಕಥೆ ಬರೆಯಬೇಕು’ ಅಂದರೆ ಸಾಲದು, ‘ಕಾಫಿಗೆ ಮುಂಚೆ ಅರ್ಧ ಪುಟ’ ಅಂತ ಬರೆದುಕೊಳ್ಳಬೇಕು. ಬೇವು-ಬೆಲ್ಲ ತಿಂದ ದಿನವೇ ಅದರಲ್ಲಿ ಬೇವು ಯಾವುದು ಅಂತಲೂ ಬರೆಯುತ್ತೇನೆ: ಯಾವಾಗ ಬೇಸರ ಬರಬಹುದು, ಆಗ ಏನು ಮಾಡುತ್ತೇನೆ.

ಕಲಬುರಗಿ, ರಾಯಚೂರು ಕಡೆಯವರು ಒಂದು ಗಮನಿಸಿ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಓಟ, ನಡಿಗೆಯ ಗುರಿ ಇದ್ದರೆ ಬೆಳಿಗ್ಗೆ ಏಳರೊಳಗೆ ಮುಗಿಸಿ.