ತಂದೆಯವರ ಪಾದದ ಊತದ ಬಗ್ಗೆ: ಮೊದಲು ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ

ಮಾನ್ಯರೇ, ಅರವತ್ತೆಂಟರ ತಮ್ಮ ತಂದೆಯವರು ದಿನವೂ ಬೆಳಿಗ್ಗೆ ತಾರಸಿಯಲ್ಲಿ ನಿಂತು ಕುಂಡಗಳಿಗೆ ನೀರುಣಿಸುತ್ತಾರೆಂದೂ, ಎರಡು ತಿಂಗಳ ಹಿಂದೆ ಸಕ್ಕರೆಯ ಮಾತ್ರೆ ಬದಲಾದ ಮೇಲೆ ಸಂಜೆಯ ಹೊತ್ತಿಗೆ ಎರಡೂ ಪಾದಗಳು ಊದಿಕೊಳ್ಳುತ್ತಿವೆಯೆಂದೂ ನಮ್ಮ ಗುಂಪಿನಲ್ಲಿ ಬರೆದಿದ್ದೀರಿ. ಗುಂಪಿನ ಇಬ್ಬರು ಇದು ನಿಂತು ಕೆಲಸ ಮಾಡುವುದರಿಂದ ಎಂದಿದ್ದಾರೆ. ಇನ್ನೊಬ್ಬರು ಮಾತ್ರೆ ಬಿಟ್ಟು ಇನ್ಸುಲಿನ್ ಗಿಡದ ಎಲೆ ಜಗಿಯಲಿ ಎಂದಿದ್ದಾರೆ. ನಾನು ವೈದ್ಯನಲ್ಲ, ಜಯನಗರದಲ್ಲಿ ಬಹಳ ವರ್ಷ ಔಷಧದ ಅಂಗಡಿ ನೋಡಿಕೊಂಡ ಫಾರ್ಮಸಿಸ್ಟ್. ಆ ಅನುಭವದಿಂದ ಹೇಳುವುದಾದರೆ, ಮೊದಲು ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಪಯೋಗ್ಲಿಟಾಜೋನ್ ಎಂಬ ಸಕ್ಕರೆ ಕಾಯಿಲೆಯ ಔಷಧ ಅದರಲ್ಲಿದೆಯೇ ನೋಡಿ.

ಮೂರು ಔಷಧಗಳು ಒಂದೇ ಮಾತ್ರೆಯಲ್ಲಿರುವುದು ನಮ್ಮಲ್ಲಿ ಸಾಮಾನ್ಯ. ಹೆಸರಿನ ಕೊನೆಯ 1 ಅಥವಾ 2 ಎಂಬ ಅಂಕಿ ಸಾಮಾನ್ಯವಾಗಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಎಂಬ ಔಷಧದ ಪ್ರಮಾಣ. ಜೊತೆಗೆ ಸಕ್ಕರೆಯದೇ ಇನ್ನೊಂದು ಔಷಧವಾದ ಮೆಟ್‌ಫಾರ್ಮಿನ್ ಇರುತ್ತದೆ. ಅವುಗಳ ನಡುವೆ ಪಯೋಗ್ಲಿಟಾಜೋನ್ 7.5 ಅಥವಾ 15 ಮಿಲಿಗ್ರಾಂ ಎಂದಿದ್ದರೆ ಊತಕ್ಕೆ ಅದು ಕಾರಣವಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಸ್ನಾಯು, ಕೊಬ್ಬು ಮತ್ತು ಯಕೃತ್ತು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುವಂತೆ ಮಾಡುವ ಇದೇ ಔಷಧ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಇನ್ಸುಲಿನ್ ಚುಚ್ಚುಮದ್ದೂ ಜೊತೆಗಿದ್ದರೆ ಊತದ ಸಂಭವ ಇನ್ನೂ ಹೆಚ್ಚು.

ನಮ್ಮ ತಾಯಿಯವರಿಗೆ ಹೀಗೆಯೇ ಆಗಿತ್ತು. ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತುತ್ತಿತ್ತು. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ತೆಗೆದರೆ ಗುಳಿ ಬಹಳ ಹೊತ್ತು ತುಂಬುತ್ತಿರಲಿಲ್ಲ. ನಾವೂ ವಯಸ್ಸಿನ ಊತವೆಂದೇ ತಿಳಿದೆವು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿ ಒಂದು ದಿಂಬು ಸಾಲದೆ ಎರಡು ಕೇಳಲಾರಂಭಿಸಿದಾಗ ತೂಕ ನೋಡಿದರೆ ಎರಡು ವಾರಗಳಲ್ಲಿ 3 ಕಿಲೋ ಏರಿತ್ತು. ಔಷಧದ ಅಂಗಡಿಯವನ ಮನೆಯಲ್ಲೇ ಇದು ಅಷ್ಟು ದಿನ ಗಮನಕ್ಕೆ ಬಾರದೆ ಹೋಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಆದುದರಿಂದ ತಂದೆಯವರ ತೂಕವನ್ನು ದಿನವೂ ಬೆಳಿಗ್ಗೆ ತಿಂಡಿಗೆ ಮೊದಲು ನೋಡಿ ಬರೆದಿಡಿ. ಕೆಲವೇ ದಿನಗಳಲ್ಲಿ ಎರಡು ಕಿಲೋ ಏರಿದರೆ, ಅಥವಾ ತಾರಸಿಯ ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು ಬಂದರೆ ಅಂದೇ ವೈದ್ಯರನ್ನು ಕಾಣಿ. ಮಲಗಿದಾಗ ಉಸಿರು ಕಟ್ಟಿದಂತಾದರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಹೃದಯ ವೈಫಲ್ಯವನ್ನು, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿಯನ್ನು, ಪಯೋಗ್ಲಿಟಾಜೋನ್ ಉಂಟುಮಾಡಬಹುದು, ಮೊದಲೇ ಇದ್ದರೆ ಉಲ್ಬಣಗೊಳಿಸಬಹುದು. ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿಯೇ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯಾಗಿ ಇದನ್ನು ಮುದ್ರಿಸುವಂತೆ ಮಾಡಿದರು.

ಸಕ್ಕರೆಯ ಮಾತ್ರೆಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೇ ಎಂದೂ ಕೇಳಿದ್ದೀರಿ. ಪಯೋಗ್ಲಿಟಾಜೋನ್ ಬಗ್ಗೆ ಆ ಆತಂಕವಿದ್ದುದರಿಂದ 2011ರಲ್ಲಿ ಫ್ರಾನ್ಸ್ ಇದರ ಬಳಕೆಯನ್ನು ನಿಲ್ಲಿಸಿತು. 2013ರ ಜೂನ್‌ನಲ್ಲಿ ಭಾರತ ಸರ್ಕಾರವೂ ತಯಾರಿಕೆ ಮತ್ತು ಮಾರಾಟವನ್ನು ತಡೆಹಿಡಿದು, ಜುಲೈ ಕೊನೆಯಲ್ಲಿ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಅನುಮತಿಸಿತು. ಮೊದಲ ಆಯ್ಕೆಯ ಔಷಧವಾಗಿ ಇದನ್ನು ಬಳಸಬಾರದೆಂಬುದೂ ಆ ಬರಹದಲ್ಲಿತ್ತು. ಅಪಾಯ ದೊಡ್ಡದಲ್ಲ, ಆದರೂ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ ಒಮ್ಮೆಯೇ ಆದರೂ ಅಲಕ್ಷಿಸಬಾರದು. ಹೆಂಗಸರಲ್ಲಿ ಕೈಕಾಲಿನ ಮೂಳೆ ಮುರಿಯುವ ಸಂಭವ ಇದರಿಂದ ಹೆಚ್ಚುತ್ತದೆ ಎಂಬುದನ್ನು ಗುಂಪಿನ ಸಹೋದರಿಯರಿಗಾಗಿ ಸೇರಿಸುತ್ತಿದ್ದೇನೆ.

ಇಷ್ಟೆಲ್ಲ ಹೇಳಿದರೂ ಈ ಔಷಧವನ್ನು ವಿಷವೆಂದು ನಾನು ಹೇಳುತ್ತಿಲ್ಲ. ಕಡಿಮೆ ಪ್ರಮಾಣದಲ್ಲಿ, ಹೃದಯ ಗಟ್ಟಿಯಿರುವವರಿಗೆ, ಕಡಿಮೆ ಬೆಲೆಯಲ್ಲಿ ಒದಗುವ ಉಪಯುಕ್ತ ಔಷಧವಿದು. ಆದರೆ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ತಾವೇ ನಿಲ್ಲಿಸಿದರೆ ಉಳಿದೆರಡು ಔಷಧಗಳೂ ಜೊತೆಯಲ್ಲೇ ನಿಂತು ಸಕ್ಕರೆ ಏರುತ್ತದೆ. ಇಂದೇ ಫೋನ್ ಮಾಡಿ ವೈದ್ಯರಿಗೆ ಊತದ ವಿಷಯ ತಿಳಿಸಿ. ಇನ್ಸುಲಿನ್ ಗಿಡದ ಎಲೆ ಮಾತ್ರೆಗೆ ಬದಲಿಯೆಂದು ಸಾಬೀತಾಗಿಲ್ಲ. ಅದನ್ನು ಗ್ಲಿಮೆಪಿರೈಡ್ ಜೊತೆಗೆ ತಿಂದು ಸಕ್ಕರೆ ಕುಸಿದರೆ ತಾರಸಿಯ ಅಂಚಿನಲ್ಲಿ ತಲೆಸುತ್ತು ಬರುವ ಅಪಾಯವೂ ಇದೆ.

ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ರಕ್ತದೊತ್ತಡದ ಆಮ್ಲೋಡಿಪಿನ್, ಕಾಲುರಿಗೆ ಕೊಡುವ ಪ್ರಿಗಾಬಲಿನ್, ಮೊಣಕಾಲಿಗೆಂದು ತಾವೇ ಕೊಂಡು ತಿನ್ನುವ ನೋವಿನ ಮಾತ್ರೆ, ಇವೆಲ್ಲವೂ ಪಾದವನ್ನು ಊದಿಸಬಲ್ಲವು. ತೂಕ ಬರೆದ ಚೀಟಿಯೂ ಜೊತೆಗಿರಲಿ. ಊತ ಶುರುವಾದ ದಿನವನ್ನು ಅದರ ಮೇಲೆ ಗುರುತು ಮಾಡಿರಿ.