ಅಮೂರ್ತ ಚಿತ್ರಕ್ಕೆ ಮೊದಲೇ ಸ್ಕೆಚ್ ಬೇಕಾ?

ಅಮೂರ್ತ ಚಿತ್ರಕ್ಕೆ ಸ್ಕೆಚ್ ಮಾಡಿಕೊಳ್ಳಬೇಕಾ, ಇಲ್ಲಾ ಕೈ ಹೋದ ಹಾಗೆ ಬಿಡಬೇಕಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಸ್ಕೆಚ್ ಬೇಡ, ಆತುರವೂ ಬೇಡ. ಭಾರತದ ಅಮೂರ್ತ ಚಿತ್ರಕಲಾವಿದ ವಿ. ಎಸ್. ಗಾಯ್ತೊಂಡೆ (1924–2001) ಅವರ ಕೆಲಸ ನೋಡಿ. ರೋಲರ್, ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ ಮೊಂಡು ಚಾಕು) ಹಿಡಿದು ಬಣ್ಣದ ಪದರ ಹಚ್ಚುತ್ತಿದ್ದರು, ಕೆರೆದು ತೆಗೆಯುತ್ತಿದ್ದರು. ಹಸಿ ಬಣ್ಣದ ಮೇಲೆ ಹರಿದ ಕಾಗದ ಒತ್ತಿ ಎತ್ತುತ್ತಿದ್ದರು. ಏನು ಉಳಿಯಿತು ಅನ್ನೋದು ಎತ್ತಿದ ಮೇಲೇ ಗೊತ್ತಾಗೋದು, ಅಲ್ವಾ? ಅಷ್ಟು ಸ್ವಾತಂತ್ರ್ಯವಿದ್ದರೂ ವರ್ಷಕ್ಕೆ ಮುಗಿಸುತ್ತಿದ್ದದ್ದು ಬೆರಳೆಣಿಕೆಯ ಚಿತ್ರ. ಸುಮ್ನೆ ಕೂತು ನೋಡೋದೂ ಅವರಿಗೆ ಕೆಲಸವೇ ಆಗಿತ್ತು.

ನೀವೂ ಹಳೇ ಪೇಪರ್ ಹರಿದು ಮಾಡಿ ನೋಡಿ. ಅಕ್ರಿಲಿಕ್ ಬೇಗ ಒಣಗುತ್ತದೆ, ಕಾಗದ ಅಂಟಿಕೊಂಡುಬಿಡುತ್ತದೆ. ಒತ್ತಿದ ತಕ್ಷಣ ಎತ್ತಿ. ಎಣ್ಣೆ ಬಣ್ಣವಾದರೆ ನಿಧಾನವಾಗಿ ಮಾಡಬಹುದು. ಮೊದಲ ಹತ್ತು ಚಿತ್ರ ಯಾರಿಗೂ ತೋರಿಸಬೇಡಿ.