ಬೆಳಗಾವಿಯ ತುರಮುರಿಯಲ್ಲಿರುವ ಕಸದ ರಾಶಿಯ ಅನಿಲದಿಂದ ವಿದ್ಯುತ್ ಪಡೆಯಬಹುದೇ?

ತಾಂತ್ರಿಕವಾಗಿ ಸಾಧ್ಯವಿದೆ; ಆದರೆ ರಾಶಿಯು ಆಳವಾಗಿರಬೇಕು, ಮೇಲ್ಭಾಗ ಮಣ್ಣಿನಿಂದ ಮುಚ್ಚಿರಬೇಕು, ಒಳಗೆ ಕೊಳೆಯುವ ಪದಾರ್ಥ ಸಾಕಷ್ಟು ಉಳಿದಿರಬೇಕು. ಗಾಳಿಯಾಡದ ಆಳದಲ್ಲಿ ಸೂಕ್ಷ್ಮಜೀವಿಗಳು ಹಸಿಕಸವನ್ನು ಕೊಳೆಸುವಾಗ ಹುಟ್ಟುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಮೀಥೇನ್ ಇರುತ್ತದೆ; ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್.

ರಾಶಿಯಲ್ಲಿ ಬಾವಿಗಳನ್ನು ಕೊರೆದು, ತೂತುಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನು ಇಳಿಸಿ, ಸುತ್ತಲೂ ಜಲ್ಲಿ ತುಂಬಿ, ಬ್ಲೋವರ್ ಮೂಲಕ ಅನಿಲವನ್ನು ಹೀರಲಾಗುತ್ತದೆ. ಇಲ್ಲಿ ಹದ ಬಹಳ ಮುಖ್ಯ: ಅತಿಯಾಗಿ ಎಳೆದರೆ ಹೊರಗಿನ ಗಾಳಿ ಒಳನುಗ್ಗಿ ಮೀಥೇನ್ ಉತ್ಪತ್ತಿ ಕುಗ್ಗುವುದಲ್ಲದೆ, ರಾಶಿಯೊಳಗೇ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಆ ಬಳಿಕ ತೇವ, ಹೈಡ್ರೋಜನ್ ಸಲ್ಫೈಡ್ ಮತ್ತು ಎಂಜಿನ್ ಸವೆಸುವ ಸಿಲೋಕ್ಸೇನ್‌ಗಳನ್ನು ತೆಗೆದು ಗ್ಯಾಸ್ ಎಂಜಿನ್‌ಗೆ ಕೊಟ್ಟರೆ, ಒಂದು ಘನ ಮೀಟರ್ ಅನಿಲಕ್ಕೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ದೊರೆಯುತ್ತದೆ.

ನಮ್ಮ ಹಸಿಕಸ ಬೇಗ ಕೊಳೆಯುವುದರಿಂದ ಅನಿಲವು ಆರಂಭದ ಕೆಲವು ವರ್ಷಗಳಲ್ಲೇ ಹೆಚ್ಚು ಬಂದು, ಅನಂತರ ಇಳಿಯುತ್ತದೆ. ಹಳೆಯ ಕಸವನ್ನು ಅಗೆದು ಬೇರ್ಪಡಿಸುವ ಬಯೋಮೈನಿಂಗ್ ನಡೆಸುವುದಾದರೆ ಅಲ್ಲಿ ಬಾವಿ ಕೊರೆಯುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ತರಕಾರಿ ಮಾರುಕಟ್ಟೆ ಮತ್ತು ಹೋಟೆಲುಗಳ ಹಸಿಕಸವನ್ನು ಮೂಲದಲ್ಲೇ ಬೇರ್ಪಡಿಸಿ, ಮುಚ್ಚಿದ ಬಯೋಗ್ಯಾಸ್ ಘಟಕಕ್ಕೆ ಕಳುಹಿಸುವುದೇ ಉತ್ತಮವೆಂಬುದು ನನ್ನ ದೃಢ ಅಭಿಪ್ರಾಯ. ಸಕ್ಕರೆ ಕಾರ್ಖಾನೆಗಳ ಈ ಜಿಲ್ಲೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯಾದ ಪ್ರೆಸ್‌ಮಡ್ ಕೂಡ ಅದಕ್ಕೆ ಕಚ್ಚಾವಸ್ತುವಾಗಬಲ್ಲದು. ವಿದ್ಯುತ್ ಲಾಭದಾಯಕವಾಗದಿದ್ದರೂ ಸಂಗ್ರಹಿಸಿದ ಅನಿಲವನ್ನು ಸುಟ್ಟುಬಿಡಲೇಬೇಕು, ಏಕೆಂದರೆ ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ.